ಚಿಲ್ಲರೆ

ಎರಡು ಕಿಲೋ ಆರುನೂರ ನಲವತ್ತು.
ರದ್ದಿ ಅಂಗಡಿಯ ತಕ್ಕಡಿ ಸುಳ್ಳು ಹೇಳಿದರೂ
ಗಿರಾಕಿಗೆ ಕಮ್ಮಿಯೇ ತೋರಿಸುತ್ತೆ ಅಂತ ನಕ್ಕ ನಯಾಜು.
ದಿಂಬಿನ ಚೀಲದೊಳಗೆ ಚಕ್ಕುಲಿ ಒಮ್ಮೆ ಮಗ್ಗುಲಾಯಿತು.
ನಯಾಜು ಎರಡು ಹೆಜ್ಜೆ ಹಿಂದೆ ಹೋಗಿ ಪೇಪರು ಕಟ್ಟತೊಡಗಿದ.

ಆ ಹೆಸರಿಟ್ಟವಳು ನಾನೇ.
ತಂದಾಗ ಅಷ್ಟೇ ಇತ್ತು, ಅಂಗೈಯಲ್ಲಿ ಎರಡು ಸುತ್ತು,
ಜೊತೆಗೆ ಸಾಕಬಹುದೆಂಬ ಕಾಗದ, ಆಫ್ರಿಕಾ ತಳಿಯ ಪುಟ್ಟ ಹೆಬ್ಬಾವು.

ನನ್ನದು ಸೆಕೆಂಡ್ ಶಿಫ್ಟು.
ಡಿಪೋದಲ್ಲಿ ಲೆಕ್ಕ ಕಟ್ಟಿ ಮತ್ತಿಕೆರೆಗೆ ಬರುವಾಗ ಹನ್ನೊಂದು.
ಗಾಜಿನ ಪೆಟ್ಟಿಗೆಯಲ್ಲಿ ತೆರೆದೇ ಇರುವ ಎರಡು ಕಣ್ಣು.
ಹಾವಿಗೆ ರೆಪ್ಪೆಯಿಲ್ಲ ಅಂತ ಗೊತ್ತು,
ಆದರೂ ಕಾದಿತ್ತು ಅಂತಲೇ ಓದಿಕೊಂಡೆ.
ತಡವಾಗಿ ಬಂದ ತಪ್ಪಿಗೆ ಒಂದು ಇಲಿ.
ಬಸ್ಸಲ್ಲಿ ಯಾರೋ ಬೈದ ದಿನ ಒಂದು.
ಸಂಬಳದ ದಿನ ದೊಡ್ಡದು.
ನಮ್ಮಲ್ಲಿ ಮಾತಾಡಿಸುವುದೆಂದರೆ
‘ಊಟ ಆಯ್ತಾ’ ಅನ್ನುವುದು ತಾನೆ?
ಹಾವು ‘ಆಯ್ತು’ ಅನ್ನಲೇ ಇಲ್ಲ.

ಹೆಬ್ಬಾಳದ ಡಾಕ್ಟರ್ ನೊರೊನ್ಹಾ
ಬೆರಳಿಟ್ಟು ಬೆನ್ನೆಲುಬು ಹುಡುಕಿದರು. ಸಿಗಲಿಲ್ಲ.
ಬಾಗಿದಲ್ಲಿ ಮಡಿಕೆ ಬೀಳುವ ಪಕ್ಕೆ ತೋರಿಸಿದರು,
ಹುರುಪೆಗಳ ಸಂದಿಯಲ್ಲಿ ಇಣುಕುವ ಬಿಳಿ ಚರ್ಮ ತೋರಿಸಿದರು,
ಬಿಗಿಯಾದ ಅಂಗಿಯ ಗುಂಡಿ ಗುಂಡಿಯ ನಡುವೆ ಕಾಣುವ ಹಾಗೆ.
ನಾನು ಖಾಕಿಯೊಳಗೆ ಉಸಿರು ಎಳೆದುಕೊಂಡೆ.
“ಉಪವಾಸ ಕೆಡವಬೇಡಿ. ಸಣ್ಣ ಇಲಿ, ಉದ್ದ ಬಿಡುವು.
ಮೂರು ವಾರಕ್ಕೊಂದು ಸಾಕು. ಓಡಾಡಿಸಿ, ಹತ್ತಿಸಿ.
ಅವಸರ ಮಾಡಿದರೆ ಲಿವರು ಕೈಕೊಡುತ್ತೆ.”

ತಂತಿಗೆ ತಾಗುತ್ತೆಂದು ಬೆಸ್ಕಾಂನವರು ಕಡಿದೆಸೆದ
ಹೊಂಗೆಕೊಂಬೆ ತೊಳೆದು ಒಣಗಿಸಿ ಪೆಟ್ಟಿಗೆಗೆ ಇಳಿಸಿದೆ.
ರಾತ್ರಿ ಜಮಖಾನ ಹಾಸಿ ಬಿಟ್ಟರೆ
ಕುರ್ಚಿಯ ಕಾಲಿನ ಹತ್ತಿರ ನಿಂತೇ ಬಿಡುವುದು.
‘ಮುಂದೆ ನಡೀರಿ, ಮುಂದೆ ನಡೀರಿ,
ಒಳಗೆ ಜಾಗ ಖಾಲಿ ಇದೆ, ಬಾಗಿಲಲ್ಲಿ ನಿಲ್ಲಬೇಡಿ.’
ಪಾಸು ಇರುವವರ ಗತ್ತಿನಲ್ಲಿ ನಾಲಿಗೆ ಚಾಚಿ
ನನ್ನನ್ನೇ ತಪಾಸಣೆ ಮಾಡಿತು.

ಫ್ರೀಜರಿನಲ್ಲಿ ಹಿತಕಿದ ಅವರೆಬೇಳೆಯ ಡಬ್ಬಿ,
ಪಕ್ಕದಲ್ಲಿ ಅಂಥದ್ದೇ ಇನ್ನೊಂದು.
ತಂಗಿ ತಪ್ಪು ಡಬ್ಬಿ ತೆಗೆದಳು.
ಆ ವರ್ಷ ನಮ್ಮ ಮನೆಯಲ್ಲಿ ಅವರೆ ತಿಂದವರಿಲ್ಲ.

ನಾಗರಪಂಚಮಿಗೆ ಓನರ್ ಸುಗುಣಮ್ಮ
ಲೋಟದಲ್ಲಿ ಹಾಲು, ಮೇಲೊಂದು ಸೇವಂತಿಗೆ.
“ಅದು ಹಾಲು ಕುಡಿಯಲ್ಲ ಆಂಟಿ. ಅದೂ ಅಲ್ಲದೆ ಡಯಟ್ಟು.”
“ಶುಗರ್ರಾ?” ಅಂದರು, ತಮ್ಮವರೇ ಸಿಕ್ಕಂತೆ.
ಆ ಹಾಲಿಗೆ ಡಿಕಾಕ್ಷನ್ ಬೆರೆಸಿ
ಇಬ್ಬರೂ ಕುಡಿದೆವು, ಸಕ್ಕರೆ ಹಾಕದೆ.

ಮೊದಲ ತಿಂಗಳು ಇಳಿದದ್ದು ಹದಿನೈದು ಗ್ರಾಂ.
ನಯಾಜು ಬೇಸರ ಮಾಡಿಕೊಂಡ, ನಾನು ಮಾಡಿಕೊಳ್ಳಲಿಲ್ಲ.
ಚಿಲ್ಲರೆಯಲ್ಲಿ ಬದುಕಿದವಳು ನಾನು.
ಟಿಕೆಟ್ಟಿನ ಹಿಂದೆ ಬರೆದುಕೊಟ್ಟ ಮೂರು ರೂಪಾಯಿಗೆ
ಯಶವಂತಪುರದಿಂದ ಶಿವಾಜಿನಗರದ ತನಕ
ಕಣ್ಣು ಕೀಳದೆ ಕೂತವರನ್ನು ಬಲ್ಲೆ.
ಒಮ್ಮೆಗೇ ಕೊಟ್ಟದ್ದನ್ನು ಹೀಗೇ ವಾಪಸು ಇಸಕೊಳ್ಳಬೇಕು,
ಹತ್ತು, ಇಪ್ಪತ್ತು, ಒಂದೊಂದು ತಿಂಗಳು ಏನೂ ಇಲ್ಲ.

ಐದನೇ ತಿಂಗಳು ನನ್ನ ಬಸ್ಸಿನಡಿ ಒಂದು ನಾಯಿಮರಿ ಸಿಕ್ಕಿತು.
ಆ ರಾತ್ರಿ ಬಟ್ಟೆ ಬದಲಿಸದೆ ಫ್ರೀಜರು ತೆರೆದೆ,
ಬಿಸಿನೀರಲ್ಲಿ ಕರಗಲು ಬಿಟ್ಟು ಪಕ್ಕದಲ್ಲೇ ಕೂತೆ.
ಚಕ್ಕುಲಿ ನುಂಗಿತು. ನನಗೆ ನಿದ್ದೆ ಬಂತು.
ಡಾಕ್ಟರಿಗೆ ಹೇಳಲಿಲ್ಲ.
ತಕ್ಕಡಿ ಹೇಳಿತು.

ಹದಿನಾಲ್ಕನೇ ತಿಂಗಳು: ಎರಡು ಕಿಲೋ ತೊಂಬತ್ತು.
ಇನ್ನೂ ಇಳಿಯಬೇಕು, ನೊರೊನ್ಹಾ ಪ್ರಕಾರ.
ಆದರೆ ಬೆರಳಿಟ್ಟರೆ ಈಗ ಸಿಗುತ್ತದೆ,
ಹುಣಸೆಯೊಳಗಿನ ಬೀಜದ ಸಾಲಿನ ಹಾಗೆ, ಬೆನ್ನು.
ನಿನ್ನೆ ತಾನಾಗಿಯೇ ಕೊಂಬೆಯ ಕವಲು ಹತ್ತಿ
ಮುಕ್ಕಾಲು ದಾರಿಯಲ್ಲಿ ಜಾರಿ ದೊಪ್ಪನೆ ಬಿದ್ದು
ಏನೂ ಆಗದವರಂತೆ ನೀರಿನ ಬಟ್ಟಲಿಗೆ ಹೋಯಿತು.

ಇವತ್ತೂ ಹನ್ನೊಂದು ದಾಟಿತ್ತು.
ಗಾಜಿನ ಮುಂದೆ ಬರಿಗೈಯಲ್ಲಿ ಕೂತೆ.
ಅದೇ ಕಣ್ಣು. ಏನೂ ಕೇಳುತ್ತಿರಲಿಲ್ಲ,
ಮೊದಲೂ ಕೇಳಿರಲಿಲ್ಲವೇನೋ.
ಊಟ ಆಯ್ತಾ ಅನ್ನಲು ಬಾಯಿ ತೆರೆದು
ನೆನಪಾಯಿತು, ನನ್ನದೇ ಆಗಿಲ್ಲ.
ಎದ್ದು ಒಂದು ಪಾವು ಅಕ್ಕಿ ತೊಳೆದೆ.