ಅಡೆ

ಮೊದಲು ಸಂಶಯ ಬಿದ್ದದ್ದು
ಸೆಲೆದೋನಿಯೊನ ಕಿರಿಮಗನ ಮೇಲೆ.
ಗೊನೆಯ ಕೊನೇ ಚಿಪ್ಪಿನಲ್ಲಿ ಮೂರು ಕಾಯಿ ಇಲ್ಲ.
ತೊಟ್ಟು ಕತ್ತಿಯಲ್ಲಿ ಕೊಯ್ದದ್ದಲ್ಲ, ಕಚ್ಚಿ ತಿರುಚಿದ್ದು.
"ಹಲ್ಲಿನಿಂದ ಬಾಳೆ ಕದಿಯುವ ಹುಡುಗ
ತೆಲಿರೆ ಹೊಳೆಯ ಈ ದಂಡೆಯಲ್ಲಿ ಹುಟ್ಟಿಲ್ಲ"
ಅಂದಳು ಎವುಲಾಲಿಯಾ, ಗಂಡನಿಗೆ.
ಆದರೂ ಅವನು ಎರಡು ದಿನ
ಬೇಲಿಯಾಚೆ ಮಾತಾಡಲಿಲ್ಲ.

ಹಸಿ ಬಾಳೆ, ಕಲ್ಲಿನಂಥದು.
ಬೇಯಿಸದೆ ತಿಂದರೆ ಒಗರು ಅಂಟಿ
ನಾಲಿಗೆ ತನ್ನ ಹೆಸರೇ ಮರೆಯುತ್ತದೆ.
ಯಾರಿಗೆ ಬೇಕಿತ್ತು ಅದು?

ಮೂರನೇ ಬೆಳಿಗ್ಗೆ ಕಂಡಳು.
ಕೊಕೊ ಗಿಡಗಳ ಸಾಲಿನಾಚೆ
ಮೈಯೆಲ್ಲ ಕಾಫಿ ಚರಟದ ಕಪ್ಪು, ತಲೆ ಮಾತ್ರ ಬೂದಿ,
ಮುದುಕನ ತಲೆ ತಂದು ಹುಡುಗನ ಮೈಗೆ ಹೊಲಿದ ಹಾಗೆ.
ಕೊರಳಲ್ಲಿ ಒಂದು ಹಳದಿ ತೇಪೆ.
ತೊಲೊಮೂಕೊ,
ಮರನಾಯಿಯ ದೂರದ ದಾಯಾದಿ.
ಬೆನ್ನು ಬಿಲ್ಲಾಗಿ, ಚಾಚಿ, ಮತ್ತೆ ಬಿಲ್ಲಾಗಿ ಬಂತು,
ಬಾಯಲ್ಲಿ ಅಡ್ಡಕ್ಕೆ ಹಸಿರು ಕಾಯಿ.

ತಿನ್ನಲಿಲ್ಲ.
ಹಳೇ ಅತ್ತಿಯ ಜಾತಿಯ ಮರ ಹತ್ತಿ
ಪೊಟರೆಯೊಳಕ್ಕೆ ತುರುಕಿ
ಮೂಗಿನಿಂದ ಒಂದು ಸಲ ಒತ್ತಿ ನೋಡಿ
ತಲೆಕೆಳಗಾಗಿ ಇಳಿದು
ಸೀನಿ
ಹೋಯಿತು ಬೇರೆ ಕೆಲಸಕ್ಕೆ,
ಮುಳ್ಳಿಲಿಯೋ, ಇಗ್ವಾನಾದ ಮೊಟ್ಟೆಯೋ,
ಎಲ್ಲೋ ಮುಜಂಟಿ ಜೇನಿನ ಗೂಡೋ.
ಹಗಲಿಡೀ ತಿರುಗುವ ಪ್ರಾಣಿ,
ಒಂದು ಕಡೆ ಕೂತು ಕಾಯುವ ಪೈಕಿಯಲ್ಲ.
ಕಾಯುವ ಕೆಲಸವನ್ನು ಮರಕ್ಕೆ ವಹಿಸಿತ್ತು.

ಎವುಲಾಲಿಯಾ ಅಲ್ಲೇ ನಿಂತಳು.
ಅಡೆ ಹಾಕುವುದು ಅವಳ ಅಜ್ಜಿಗೆ ಗೊತ್ತಿತ್ತು,
ಎಲೆ ಹಾಸಿ, ಗೋಣಿ ಹೊದಿಸಿ, ದಿನ ಎಣಿಸಿ.
ಈಗ ಗುರುವಾರಕ್ಕೊಮ್ಮೆ ದಲ್ಲಾಳಿಯ ದೋಣಿ.
ಹಸಿರಿದ್ದರಷ್ಟೆ ತೂಕ. ಹಳದಿಯ ಒಂದು ಚುಕ್ಕೆ ಕಂಡರೂ
ಗೊನೆ ದಂಡೆಗೆ, ಹಂದಿಗಳಿಗೆ.
ಇಪ್ಪತ್ತಾರು ವರ್ಷ ಅವಳು ಕಡಿದದ್ದೆಲ್ಲ ಕಾಯಿ,
ಹಣ್ಣಾದದ್ದು
ಹೆಸರು ಕೇಳದ ಊರಿನ ತಣ್ಣನೆ ಕೋಣೆಯಲ್ಲಿ.

ಆರನೇ ದಿನ ಏಣಿ ಹೊತ್ತುಕೊಂಡು ಹೋದಳು.
ಪೊಟರೆಗೆ ಕೈ ಹಾಕಿದರೆ
ಹುಳಿನಾತದ ಹಿಂದೆ, ಪುನುಗಿನಂಥ ವಾಸನೆಯ ಹಿಂದೆ
ಮೆತ್ತಗೆ, ಬೆಚ್ಚಗೆ, ನಾಲ್ಕು.
ಸಿಪ್ಪೆಯ ಮೇಲೆ ಕಪ್ಪು ಮಚ್ಚೆ.
ಒಂದನ್ನು ಏಣಿಯ ಮೇಲೇ ನಿಂತು ತಿಂದಳು.
ತನ್ನ ತೋಟದ್ದೇ. ರುಚಿ ಮಾತ್ರ
ಯಾರದೋ ಮನೆಗೆ ನೆಂಟಳಾಗಿ ಹೋದಾಗಿನದು.

ಕೊಂಬೆ ಅಲುಗಿತು.
ಬೂದಿ ತಲೆ, ಹಳದಿ ತೇಪೆ.
ಅದಕ್ಕೆ ಎಣಿಕೆ ಬರುತ್ತದೋ ಇಲ್ಲವೋ,
ಮೂರನ್ನೂ ಒಂದೊಂದಾಗಿ ಮೂಸಿ
ಅವಳನ್ನು ನೋಡಿತು.
ಅವಳು ಸಿಪ್ಪೆಯನ್ನು ಬೆನ್ನ ಹಿಂದೆ ಹಿಡಿದುಕೊಂಡಳು.

ಗುರುವಾರ ದೋಣಿಗೆ ಒಂದು ಚಿಪ್ಪು ಕಡಿಮೆ.
"ಕಳ್ಳರ ಕಾಟವೇ?" ಕೇಳಿದ ದಲ್ಲಾಳಿ.
"ಹೂಂ," ಅಂದಳು,
"ಇಬ್ಬರು."