ಹದಿನೇಳನೆಯ ಸೀಸೆ

ಹತ್ತು ನಿಮಿಷಕ್ಕೊಂದು ಸೀಸೆ. ಒಳಗೆ
ಅರ್ಧ ಹನಿಯೂ ಇಲ್ಲದಷ್ಟು ನೀರು,
ಯುಜುವಿನ ಮಿದುಳಿನ ಆಳ ಮುಟ್ಟಿ ಬಂದದ್ದು.
ಕೂದಲಿಗಿಂತ ತುಸು ದಪ್ಪದ ನಳಿಗೆ, ತುದಿಗೆ ಜರಡಿ;
ಉಪ್ಪುನೀರು ಇಳಿಯುತ್ತದೆ,
ಅಲ್ಲಿಯ ಸುದ್ದಿ ಹೊತ್ತು ಮೇಲೆ ಬರುತ್ತದೆ.
ಸೀಸೆ ಬದಲಿಸುವುದು, ನಂಬರು ಬರೆಯುವುದು,
ಮಂಜುಗಡ್ಡೆಯಲ್ಲಿ ಹೂಳುವುದು ನನ್ನ ಕೆಲಸ.

ಯುಜು ಹನ್ನೊಂದು ವರ್ಷದ ಕೋತಿ.
ಎಡಗಿವಿ ಹರಿದಿದೆ. ಅದು ಅವರವರ ಹಳೆಯ ಜಗಳ, ನಮ್ಮದಲ್ಲ.
ಪರದೆಯಲ್ಲಿ ಹಸಿರು ಚೌಕ ಬಂದರೆ ಸೇಬಿನ ರಸ,
ನೀಲಿ ಬಂದರೆ ಏನೂ ಇಲ್ಲ.
ಅದಕ್ಕೆ ಗೊತ್ತು. ನಮಗೂ ಗೊತ್ತು.

ಹಿಗ್ಗು ಆಗಲೇ ಆಗಿ ಹೋಗಿರುತ್ತದೆ;
ನಮ್ಮ ಕೈಗೆ ಬರುವುದು ಮರುದಿನ ಮಧ್ಯಾಹ್ನ,
ಯಂತ್ರ ಗೀಚಿದ ಗೆರೆಯಾಗಿ.
ಹಿಗ್ಗು ಅನ್ನಲು ಪ್ರೊಫೆಸರ್ ಮುರೋಫುಶಿ ಬಿಡುವುದಿಲ್ಲ.
ಡೋಪಮೈನ್ ಅನ್ನಿ, ಸಾಕು.

ತೊಯಾಮಾಕ್ಕೆ ಮೊದಲ ಹಿಮ ಬಿದ್ದ ಗುರುವಾರ
ಹದಿನೇಳನೆಯ ಸೀಸೆಯ ಗೆರೆ ಎದ್ದು ನಿಂತಿತು,
ರಸ ಕೊಟ್ಟ ಸೀಸೆಗಳಿಗಿಂತ ಎತ್ತರ.
ಆ ಹತ್ತು ನಿಮಿಷ ರಸ ಇರಲಿಲ್ಲ. ಪರದೆ ಕಪ್ಪು.
ದಿನಚರಿಯಲ್ಲಿ ನನ್ನದೇ ಅಕ್ಷರ:
ಏನೂ ನಡೆಯಲಿಲ್ಲ.

ವಿಡಿಯೋ ಹಿಂದಕ್ಕೆ ಓಡಿಸಿದೆವು.
ತಲೆ ತಿರುಗಿಸಲಾಗದ ಯುಜುವಿನ ಕಣ್ಣು ಬಾಗಿಲ ಕಡೆ.
ಬಾಗಿಲು ಮುಚ್ಚಿದೆ. ಧ್ವನಿ ಏರಿಸಿದರೆ
ಕಾರಿಡಾರಿನಲ್ಲಿ ಬಕೆಟ್ಟಿನ ಚಕ್ರ ಕಿರ್ರೆನ್ನುತ್ತಿದೆ,
ಯಾರೋ ಕೆಮ್ಮುತ್ತಾರೆ.
ನೆಲ ಒರೆಸುವ ಕುಗಿಮಿಯಾ ಅಜ್ಜ.
ಕೇಳಿದ್ದಕ್ಕೆ ಹೇಳಿದರು: ಭಾನುವಾರ, ನಾವಾರೂ ಇಲ್ಲದಾಗ,
ಪಂಜರಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದರಂತೆ,
ಅವರ ಸ್ವೆಟರಿನ ನೂಲಗಂಟುಗಳನ್ನು
ಹೇನಿನಂತೆ ಒಂದೊಂದೇ ಹೆಕ್ಕುತ್ತಿತ್ತಂತೆ ಯುಜು.

ವರದಿಯಲ್ಲಿ ಹದಿನೇಳನ್ನು ಬಿಟ್ಟೆವು.
ಹೊರಗಿನ ಗದ್ದಲ ಎಂದು ಅಡಿಟಿಪ್ಪಣಿ.
ಕಾರಿಡಾರಿಗೊಂದು ಕಾಗದ: ಪ್ರಯೋಗದ ಹೊತ್ತು ಪ್ರವೇಶವಿಲ್ಲ.
ಅಜ್ಜ ಓದಿ, ತಲೆ ಬಾಗಿಸಿ,
ಚಕ್ರಕ್ಕೆ ಎಣ್ಣೆ ಬಿಟ್ಟರು.
ಆಮೇಲಿನ ಗುರುವಾರಗಳಲ್ಲಿ ಹದಿನೇಳು ಚಪ್ಪಟೆ.
ಅಚ್ಚುಕಟ್ಟು.

ವರ್ಷಕ್ಕೊಮ್ಮೆ ಕಟ್ಟಡದ ಹಿಂದಿನ ಕಲ್ಲಿಗೆ
ಕರಿ ಕೋಟು ತೊಟ್ಟು ನಾವೆಲ್ಲ ಹೂವಿಡುತ್ತೇವೆ,
ಸತ್ತ ಪ್ರಾಣಿಗಳಿಗೆ ಕೃತಜ್ಞತೆ ಓದುತ್ತೇವೆ.
ಈ ಸಲದ ಪಟ್ಟಿಯಲ್ಲಿ ಯುಜು ಇತ್ತು.
ಎಲ್ಲರೂ ಹೋದ ಮೇಲೆ ಅಜ್ಜ ಬಂದರು, ಹೂವಿಲ್ಲದೆ,
ಅದೇ ಸ್ವೆಟರಿನಲ್ಲಿ.
ಕಲ್ಲಿಗೆ ಬೆನ್ನು ಕೊಟ್ಟು ಕೂತರು.

ಎಷ್ಟು ಹೊತ್ತೆಂದು ಗಡಿಯಾರ ನೋಡಿದೆ. ಅಭ್ಯಾಸ.
ಒಂದು ಸೀಸೆಯಷ್ಟು.