ಪೆಟ್ಟಿಗೆಯಲ್ಲಿ ಕೋವಿ ಇಲ್ಲ

ಬಜ್ಪೆಯಲ್ಲಿ ತೆರೆಸಿದರು ಮೊದಲು.
ಕಪ್ಪು ಪೆಟ್ಟಿಗೆ, ಎರಡು ಬೀಗ, ಒಳಗೆ ಬೂದು ಸ್ಪಂಜು,
ಸ್ಪಂಜಿನಲ್ಲಿ ಕೋವಿಯಷ್ಟೇ ಉದ್ದದ ಗುಂಡಿ:
ನಳಿಗೆ, ಕುದುರೆ, ಹೆಗಲಿಗೊರಗುವ ಹಿಡಿ,
ಎಲ್ಲ ಅಳತೆಗೆ ಕೊರೆದದ್ದು.
ಹಿಡಿಯ ಜಾಗದಲ್ಲಿ ಖರ್ಜೂರದ ಪೊಟ್ಟಣ, ನೋವಿನ ಎಣ್ಣೆ.
ನಳಿಗೆಯ ಜಾಗದಲ್ಲಿ ನಫೀಸತ್‌ಗೆ ತಂದ ಉದ್ದ ಕೊಡೆ,
ಅಲ್ಲಿಯೇ ಹುಟ್ಟಿದ ಹಾಗೆ.
ಸಾಹೇಬರು ಖರ್ಜೂರ ನೋಡಲಿಲ್ಲ.
ಇಲ್ಲದ್ದನ್ನೇ ನೋಡುತ್ತ ಕೇಳಿದರು,
"ಇದರದ್ದು ಎಲ್ಲಿ?"

ಎಲ್ಲಿಂದ ಶುರು ಮಾಡುವುದು ಮಾರಾಯ್ರೆ.
ಹದಿಮೂರು ವರ್ಷ ನಾನು ಅರಬಾಬಿನ ಕೋವಿಯ ಜನ.
ಅವನು ಮುಂದಿನ ಸೀಟಿನಲ್ಲಿ, ನಾನು ಕಕ್ಕಸಿನ ಪಕ್ಕದಲ್ಲಿ,
ಕೋವಿ ವಿಮಾನದ ಹೊಟ್ಟೆಯಲ್ಲಿ.
ಬೋಲ್ಟು ಬಿಚ್ಚಿ ಬೇರೆ, ತೋಟೆ ಬೇರೆ ಡಬ್ಬಿಗೆ,
ಐದು ಕಿಲೋದ ಮೇಲೆ ಒಂದು ತೋಟೆಯೂ ಇಲ್ಲ,
ಬೀಗದ ಕೈ ನನ್ನ ಕುತ್ತಿಗೆಯಲ್ಲಿ, ಐಕಲ್ಲಿನ ಪಕ್ಕ.
ಕೌಂಟರಿನ ಹುಡುಗಿ ಯಾವ ದೇಶದವಳಾದರೂ ಕೇಳುವುದು ಒಂದೇ:
ತುಂಬಿದೆಯಾ?
ಇಲ್ಲ, ಖಾಲಿ.
ಆರು ಭಾಷೆಯಲ್ಲಿ ಖಾಲಿ ಎನ್ನಲು ಬರುತ್ತದೆ ನನಗೆ.
ಕನ್ನಡದಲ್ಲಿ ಹೇಳಬೇಕಾಗಿ ಬಂದದ್ದು ಈಗಲೇ.

ವಿಂಡ್‌ಹುಕ್‌ನಲ್ಲಿ ಕೋವಿಗೆ ಹತ್ತು ನಿಮಿಷ.
ನಳಿಗೆಯ ಮೇಲಿನ ನಂಬರು ಓದಿದರು, ಕಾಗದದ್ದು ಓದಿದರು,
ಠಸ್ಸೆ.
ನನಗೆ ಒಂದೂವರೆ ಗಂಟೆ.
ಕಾಗದದಲ್ಲಿ ಕೇರಳ, ಕಲಿತದ್ದು ಕನ್ನಡ,
ಉಮ್ಮ ಬೈಯುವ ಭಾಷೆಗೆ ಲಿಪಿಯೇ ಗಟ್ಟಿ ಇಲ್ಲ.
ಬೆನ್ನಿನ ಮೇಲೆ ಒಂದು ನಂಬರು ಕೊರೆಸಿಕೊಂಡು ಹುಟ್ಟಿದ್ದರೆ
ಸುಲಭವಿತ್ತು ಅಂದುಕೊಂಡೆ, ಬೆಂಚಿನಲ್ಲಿ ಕೂತು.

ಒಂದು ಸಲವೂ ಕುದುರೆ ಎಳೆದವನಲ್ಲ ನಾನು.
ಬಿದ್ದ ಮೇಲೆ ಓಡುವುದು ನನ್ನ ಕೆಲಸ,
ತಲೆ ಎತ್ತಿ ಹಿಡಿಯುವುದು, ಫೋಟೋ ಮುಗಿಯುವವರೆಗೆ.
ಅವನ ಮಜಲಿಸಿನ ಗೋಡೆಯಲ್ಲಿ ಈಗಲೂ ಇದೆ:
ಅವನು, ಕೋವಿ, ಗರಗಸದ ಹಾಗೆ ಉದ್ದ ಕೊಂಬು,
ಕೊಂಬಿನ ಬುಡದಲ್ಲಿ ಯಾರದೋ ನಾಲ್ಕು ಬೆರಳು.
ಬಿಸಿ ಇತ್ತು.
ಅಷ್ಟು ಹೇಳಬಲ್ಲೆ, ಹೆಚ್ಚು ಕೇಳಬೇಡಿ.

ಹೊಸ ಕೋವಿಗೆ ಹೊಸ ಪೆಟ್ಟಿಗೆ ಬಂತು,
ಹಳೆಯದು ನನ್ನ ಪಾಲಿಗೆ, ಲೆಕ್ಕ ಚುಕ್ತಾ ಮಾಡಿದ ದಿನ.
ಅದನ್ನೇ ಹೇಳಿದೆ ಬಜ್ಪೆಯಲ್ಲಿ.
ವಾಮಂಜೂರು ಚೆಕ್‌ಪೋಸ್ಟಿನಲ್ಲಿ ಬಾಟಲಿ ಹುಡುಕಲು ಬಂದವರಿಗೂ
ಅದನ್ನೇ ಹೇಳಿದೆ, ಮಲಯಾಳದಲ್ಲಿ.
ಅವರೂ ಕೈಯಿಟ್ಟು ನೋಡಿದ್ದು ಗುಂಡಿಯ ಆಳ.

ಪೈವಳಿಕೆಗೆ ಸುದ್ದಿ ಮೊದಲೇ ಮುಟ್ಟಿತ್ತು,
ಹಸೈನಾರ್ ಕೋವಿ ತಂದಿದ್ದಾನೆ ಅಂತ.
ಸಂಕಪ್ಪ ಆಳ್ವರು ಬಂದರು, ಲೈಸೆನ್ಸಿನವರು,
ಮರಗೆಣಸಿನ ಗದ್ದೆಗೆ ಹಂದಿ ಇಳಿದರೆ ಪಂಚಾಯತು ಕರೆಯುವುದು ಅವರನ್ನೇ.
ಕೊಡೆ ತೆಗೆದು, ಖಾಲಿ ಸ್ಪಂಜಿನಲ್ಲಿ ಬೆರಳು ಓಡಿಸಿ
ಕಣ್ಣು ಮುಚ್ಚಿ ಹೇಳಿದರು:
"ಇಪ್ಪತ್ತನಾಲ್ಕು ಇಂಚು. ಎಡಗೈಯವನದ್ದು."
ಹೌದು, ಅರಬಾಬು ಎಡಚ.
"ನನ್ನದಕ್ಕೆ ಎಂತ ಭಾಗ್ಯ? ಓಟು ಬಂದಾಗ ಕುಂಬಳೆ ಠಾಣೆಗೆ,
ಓಟು ಮುಗಿದಾಗ ಮನೆಗೆ. ಅದೇ ಅದರ ಫಾರಿನ್ನು."
ಚಹಾ ಕುಡಿದು ಹೋದರು. ಖರ್ಜೂರ ಬೇಡ ಎಂದರು, ಸಕ್ಕರೆ ಕಾಯಿಲೆ.

ಈಗ ಅದರಲ್ಲಿ ಜಾಗದ ಆಧಾರ, ಕರೆಂಟು ಬಿಲ್ಲು,
ನಫೀಸತ್‌ಳ ಸ್ಕೇಲು, ಬಣ್ಣದ ಪೆನ್ಸಿಲು.
ಏನಿಟ್ಟರೂ ಮುಚ್ಚಳ ತೆಗೆದಾಗ
ಅದು ಗುರಿ ಹಿಡಿದು ಮಲಗಿದ ಹಾಗೆಯೇ ಕಾಣುತ್ತದೆ.
ಸ್ಪಂಜು ಕಿತ್ತು ಬಿಸಾಡು ಎನ್ನುತ್ತಾಳೆ ಬೀಫಾತಿಮ.
ನಾಳೆ, ಎನ್ನುತ್ತೇನೆ.

ರಾತ್ರಿ ನೀರು ಬಿಡುವ ಹೊತ್ತು
ಅಡಿಗೆ ಕೋಣೆಯಿಂದ ಕೂಗುತ್ತಾಳೆ,
ಟಾಂಕಿ ತುಂಬಿದೆಯಾ?

ಎದ್ದು ನಿಂತು, ಎರಡೂ ಕೈ ಕಾಣುವ ಹಾಗೆ ಮುಂದೆ ಇಟ್ಟು,
ಇಲ್ಲ ಮೇಡಂ, ಅನ್ನುತ್ತೇನೆ,
ಖಾಲಿ.